ಸಾವಿನ ಬಗ್ಗೆ ಕನ್ನಡದಲ್ಲಿ ಏನಿದೆ? ಓದುಗರ ಕೂಟಕ್ಕೆ ಪುಸ್ತಕ ಬೇಕು

ತುಮಕೂರು ಓದುಗ
ನಮ್ಮದು ಸಣ್ಣ ಓದುಗರ ಕೂಟ. ತಿಂಗಳಿಗೊಂದು ವಿಷಯ ಹಿಡಿದು ಓದುತ್ತೇವೆ. ಮಳೆ, ರೈಲು, ಅತ್ತೆ-ಸೊಸೆ ಎಲ್ಲ ಮುಗಿಸಿ ಈಗ ಸಾವಿಗೆ ಬಂದು ನಿಂತಿದ್ದೇವೆ. ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಇಂಗ್ಲಿಷಿನಿಂದ ಹೆಸರುಗಳು ದಂಡಿಯಾಗಿ ಬಂದವು. ಕನ್ನಡದಿಂದ ಏನಿಡೋಣ ಎಂದರೆ ಎಲ್ಲರೂ ಒಂದೇ ಉಸಿರಿಗೆ ‘ಸಂಸ್ಕಾರ’ ಎಂದರು, ಆಮೇಲೆ ಸುಮ್ಮನಾದರು.

ನನ್ನ ತಕರಾರು ಇಷ್ಟೇ. ‘ಸಂಸ್ಕಾರ’ ಹೆಣದ ಕಾದಂಬರಿ, ಸಾವಿನದಲ್ಲ. ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದ, ಸತ್ತ. ಆ ಜ್ವರದಲ್ಲಿ ಮಲಗಿದ್ದಾಗ ಅವನಿಗೆ ಏನನ್ನಿಸಿತು ಎಂಬುದು ಅಗ್ರಹಾರಕ್ಕೂ ಬೇಕಿಲ್ಲ, ಲೇಖಕರಿಗೂ ಬೇಕಿಲ್ಲ. ಹೆಣ ಎತ್ತುವವರು ಯಾರು ಎಂಬುದೇ ಎಲ್ಲರ ಚಿಂತೆ. ನಮ್ಮ ಸಾಹಿತ್ಯದಲ್ಲಿ ಜನ ಬೇಕಾದಷ್ಟು ಸಾಯುತ್ತಾರೆ. ಸಾಯುತ್ತಿರುವವರ ಪಕ್ಕ ಕುಳಿತು ಬರೆದದ್ದು ಮಾತ್ರ ಕಡಿಮೆ. ಅಲ್ಲ ಎನ್ನುವವರು ಪುಸ್ತಕದ ಹೆಸರು ಹೇಳಿ.

ಹೊಳೆಸಾಲು
ಶುರುವಿನಲ್ಲೇ ಜಗಳಕ್ಕೆ ಕರೆದಿರಿ, ಸಂತೋಷ. ‘ಅಳಿದ ಮೇಲೆ’ ಓದಿದ್ದೀರಾ? ಕಾರಂತರದ್ದು, 1960. ಹೆಸರಿನಲ್ಲೇ ಸಾವಿದೆ.

ತುಮಕೂರು ಓದುಗ
ಓದಿದ್ದೇನೆ. ಹೆಸರಿನಲ್ಲಿ ಇರುವುದು ‘ಮೇಲೆ’. ಅದೇ ನನ್ನ ತಕರಾರು!

ಕಗ್ಗ ಅಭಿಮಾನಿ
ಡಿವಿಜಿಯವರ ಕಗ್ಗ ಇರುವಾಗ ಬೇರೆ ಪುಸ್ತಕ ಏಕೆ? ಮದುವೆಗೋ ಮಸಣಕೋ ಹೋಗೆಂದ ಕಡೆಗೋಡು. ಮುಗಿಯಿತು.

ಅಡಿಗೆಮನೆ ವಿಮರ್ಶಕಿ
ಈ ವೇದಿಕೆಯಲ್ಲಿ ಮಾವಿನ ಗೊಜ್ಜಿನ ಚರ್ಚೆಗೂ ಕಗ್ಗವೇ ಉತ್ತರವಾಗಿ ಬರುತ್ತದೆ.

ಹೊಳೆಸಾಲು
‘ಅಳಿದ ಮೇಲೆ’ಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ, ಸ್ವಾಮಿ. ರೈಲಿನಲ್ಲಿ ಪರಿಚಯವಾದ ಯಶವಂತರಾಯ ಎಂಬಾತ ಮುಂಬಯಿಯಲ್ಲಿ ಸಾಯುತ್ತಾನೆ, ನಿರೂಪಕನಿಗೆ ತಂತಿ ಬರುತ್ತದೆ. ಸತ್ತವನು ಬಿಟ್ಟುಹೋದ ದಿನಚರಿ, ಕಾಗದಪತ್ರ, ಒಂದಿಷ್ಟು ಹಣ. ಯಾರು ಯಾರಿಗೋ ತಿಂಗಳು ತಿಂಗಳು ಮನಿಯಾರ್ಡರ್ ಕಳುಹಿಸುತ್ತಿದ್ದ ಮನುಷ್ಯ ಆತ. ಆ ಋಣಗಳ ಜಾಡು ಹಿಡಿದು ನಿರೂಪಕ ಊರೂರು ಅಲೆಯುತ್ತಾನೆ. ಹೋದಲ್ಲೆಲ್ಲ ಬೇರೆ ಬೇರೆ ಯಶವಂತರಾಯ ಸಿಗುತ್ತಾನೆ. ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಬೀರು ತೆಗೆದು ಪಾಸ್‌ಬುಕ್ಕು, ಪಹಣಿ, ಅಡವಿನ ಚೀಟಿ ಹುಡುಕುವ ಕೆಲಸ ಯಾರಾದರೂ ಒಬ್ಬರ ಪಾಲಿಗೆ ಬಂದೇ ಬರುತ್ತದೆ. ಆ ಕೆಲಸವೇ ಕಾದಂಬರಿಯಾಗಿದೆ. ಸಾವನ್ನು ಅದಕ್ಕಿಂತ ಹತ್ತಿರದಿಂದ ನೋಡುವುದು ಹೇಗೆ?

ಅಡಿಗೆಮನೆ ವಿಮರ್ಶಕಿ
ಬೀರಿನ ಮಾತು ನಿಜ. ನಮ್ಮ ಮಾವನವರ ಬೀರಿನಲ್ಲಿ ನಾಲ್ಕು ಊರುಗೋಲು, ಒಂದು ಕಂತೆ ಲಾಟರಿ ಟಿಕೆಟ್ಟು, ಅತ್ತೆಗೆ ಗೊತ್ತಿಲ್ಲದ ಒಂದು ಚೀಟಿ ಸಂಘದ ಪುಸ್ತಕ ಸಿಕ್ಕಿದವು. ಮೂರು ದಿನ ಅಳುತ್ತಿದ್ದ ಅತ್ತೆ ಆ ಪುಸ್ತಕ ನೋಡಿದ ಮೇಲೆ ಬಯ್ಯಲು ಶುರುಮಾಡಿದರು. ಅವರು ಚೇತರಿಸಿಕೊಂಡದ್ದೇ ಆ ಸಿಟ್ಟಿನಿಂದ.

ದಾದಿ, ಮಂಗಳೂರು
ಉಪಶಾಮಕ ಆರೈಕೆಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗುಣವಾಗದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ಕೆಲಸ. ಮೊದಲ ಬರಹ ಓದಿ ಹೌದು ಹೌದು ಎಂದು ತಲೆಯಾಡಿಸಿದೆ. ನನ್ನ ಓದಿನಲ್ಲಿ ಇದಕ್ಕೆ ಸಾಟಿಯಿಲ್ಲದ ಪುಸ್ತಕ ಟಾಲ್‌ಸ್ಟಾಯ್ ಬರೆದ ‘ಇವಾನ್ ಇಲಿಚ್‌ನ ಸಾವು’. 1886ರದ್ದು, ನೀಳ್ಗತೆಯಷ್ಟು ಉದ್ದ, ಒಂದು ಸಂಜೆಯಲ್ಲಿ ಓದಬಹುದು.

ಪರದೆ ಕಟ್ಟಲು ಏಣಿ ಹತ್ತಿದ ನ್ಯಾಯಾಧೀಶ ಜಾರಿ ಪಕ್ಕೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ಅಲ್ಲಿಂದ ನೋವು ಶುರು. ವೈದ್ಯರು ಬರುತ್ತಾರೆ, ಹೋಗುತ್ತಾರೆ. ಹೆಂಡತಿ, ಮಗಳು, ಸ್ನೇಹಿತರು ಎಲ್ಲರೂ ಇದು ಬರೀ ಕಾಯಿಲೆ, ವಾಸಿಯಾಗುತ್ತದೆ ಎಂದು ನಟಿಸುತ್ತಾರೆ. ಅವನನ್ನು ಹಿಂಡುವುದು ನೋವಿಗಿಂತ ಆ ಸುಳ್ಳು. ಸುಳ್ಳು ಹೇಳದವನು ಒಬ್ಬನೇ, ಗೆರಾಸಿಮ್ ಎಂಬ ಹಳ್ಳಿಯ ಆಳು. ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ರಾತ್ರಿಯಿಡೀ ಕೂರುತ್ತಾನೆ, ಹಾಗೆ ಕೂತರೆ ನೋವು ತಗ್ಗುತ್ತದೆ ಎಂದು. ನಮ್ಮ ವಾರ್ಡಿನಲ್ಲಿ ಮೊಣಕಾಲ ಕೆಳಗೆ ದಿಂಬು ಇಡುವಾಗಲೆಲ್ಲ ಗೆರಾಸಿಮ್ ನೆನಪಾಗುತ್ತಾನೆ. ಮನೆಯವರು ಬಾಗಿಲ ಹೊರಗೆ ನನ್ನ ಕೈ ಹಿಡಿದು, ‘ಅಮ್ಮನಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಸಿಸ್ಟರ್’ ಎನ್ನುತ್ತಾರೆ. ಒಳಗೆ ಹೋದರೆ ಅಮ್ಮ, ‘ನನಗೆ ಗೊತ್ತಾಗಿದೆ ಎಂದು ಮಕ್ಕಳಿಗೆ ಹೇಳಬೇಡ’ ಎನ್ನುತ್ತಾರೆ.

ಮಂಡ್ಯದ ಮಾತುಗಾರ
ಆ ಕಥೆಯ ಮೊದಲ ಅಧ್ಯಾಯ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರೆಲ್ಲ ಓದಬೇಕು. ಸಹೋದ್ಯೋಗಿ ಸತ್ತ ಸುದ್ದಿ ಬಂದ ಕೂಡಲೇ ಎಲ್ಲರ ತಲೆಯಲ್ಲಿ ಓಡುವುದು ಆ ಜಾಗಕ್ಕೆ ಯಾರು, ಯಾರಿಗೆ ಬಡ್ತಿ, ಯಾರಿಗೆ ವರ್ಗ ಎಂಬುದು. ರಷ್ಯಾವೇ ಬೇಕಿಲ್ಲ, ನಮ್ಮ ಕಚೇರಿಯಲ್ಲಿ ಶ್ರದ್ಧಾಂಜಲಿ ಸಭೆಯ ಎರಡು ನಿಮಿಷದ ಮೌನದಲ್ಲೂ ಇದೇ ಲೆಕ್ಕ ನಡೆದದ್ದು ನೋಡಿದ್ದೇನೆ.

ಗೂಡಂಗಡಿ
ಸಾವಿನ ಪುಸ್ತಕ ಎಂದರೆ ಮನೋವೈದ್ಯೆ ಕ್ಯೂಬ್ಲರ್-ರಾಸ್ ಅವರ ‘ಆನ್ ಡೆತ್ ಆ್ಯಂಡ್ ಡೈಯಿಂಗ್’ ಬಿಡುವ ಹಾಗಿಲ್ಲ. ಶೋಕದ ಐದು ಹಂತಗಳು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ವಿಮರ್ಶಕಿಯವರ ಅತ್ತೆ ಎರಡನೆಯ ಹಂತದಲ್ಲಿದ್ದರು.

ದಾದಿ, ಮಂಗಳೂರು
ಅಲ್ಲ. ಈ ಪುಸ್ತಕದ ಬಗ್ಗೆ ಎಲ್ಲರೂ ಹೀಗೆಯೇ ಹೇಳುತ್ತಾರೆ. ಅವರು 1969ರಲ್ಲಿ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜತೆ ಮಾತನಾಡಿ. ಆ ಹಂತಗಳು ಸಾಯುವವರದ್ದು, ಉಳಿದವರದ್ದಲ್ಲ. ಶೋಕಕ್ಕೆ ಅದನ್ನು ಹೊಂದಿಸಿದ ಪುಸ್ತಕ ಬಂದದ್ದು 2005ರಲ್ಲಿ. ಇನ್ನು, ಯಾವ ರೋಗಿಯೂ ಒಂದು, ಎರಡು, ಮೂರು ಎಂದು ಮೆಟ್ಟಿಲು ಹತ್ತುವುದಿಲ್ಲ. ಬೆಳಿಗ್ಗೆ ಒಪ್ಪಿಕೊಂಡವರು ಸಂಜೆ ಇನ್ನೊಬ್ಬ ವೈದ್ಯರನ್ನು ಕೇಳೋಣವೇ ಎನ್ನುತ್ತಾರೆ. ಆ ಪುಸ್ತಕದ ಬೆಲೆ ಹಂತಗಳಲ್ಲಿ ಇಲ್ಲ, ರೋಗಿಗಳ ಮಾತುಗಳಲ್ಲಿ ಇದೆ. ವೈದ್ಯರು ತಪ್ಪಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಆಕೆ ಹೋಗಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

ಗೂಡಂಗಡಿ
ಅಂತರ್ಜಾಲದಲ್ಲಿ ಎಲ್ಲ ಕಡೆ ಶೋಕದ ಹಂತಗಳು ಎಂದೇ ಇದೆ.

ದಾದಿ, ಮಂಗಳೂರು
ಅದಕ್ಕೇ ಪುಸ್ತಕ ಓದಿ ಎನ್ನುತ್ತಿರುವುದು.

ಧಾರವಾಡ ಪೇಢೆ
ಶೋಕದ ಮಾತು ಬಂತು ಎಂದು ಹೇಳುತ್ತೇನೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಮಗು ತೀರಿಕೊಂಡಾಗಿನ ಪದ್ಯ. ಎದುರಿಗಿರುವ ಹೆಂಡತಿಯ ಕಣ್ಣು ಎದುರಿಸಲಾಗದ ಗಂಡನ ಮಾತು ಅದು. ಜನ ಅದನ್ನು ಪ್ರೇಮಗೀತೆ ಮಾಡಿಕೊಂಡು ನಿಶ್ಚಿತಾರ್ಥದ ವಿಡಿಯೊಗಳಿಗೆ ಹಿನ್ನೆಲೆಗೆ ಹಾಕುತ್ತಿದ್ದಾರೆ. ನಮ್ಮ ಓಣಿಯಲ್ಲೇ ಒಂದು ಮದುವೆಯಲ್ಲಿ ಕೇಳಿ ಎದ್ದು ಬಂದೆ.

ಮಂಡ್ಯದ ಮಾತುಗಾರ
ಊಟ ಮಾಡಿ ಎದ್ದಿರೋ, ಮಾಡದೆಯೋ?

ಧಾರವಾಡ ಪೇಢೆ
ಊಟ ಮಾಡಿ. ಹಾಡು ಹಾಕಿದವನ ತಪ್ಪು ಅಡಿಗೆಯವನದ್ದಲ್ಲವಲ್ಲ.

ಶಾಸನಪ್ರಿಯ
ತುಮಕೂರಿನವರ ಪ್ರಶ್ನೆಗೆ ನೀವೆಲ್ಲ ಕಾದಂಬರಿ ಹುಡುಕುತ್ತಿದ್ದೀರಿ. ಸಾಯುತ್ತಿರುವವರ ಪಕ್ಕ ಕುಳಿತು ಬರೆದ ಸಾಹಿತ್ಯ ಕನ್ನಡದಲ್ಲಿ ಇಲ್ಲವೇ? ಇದ್ದರೂ ನಾವು ಅದನ್ನು ಸಾಹಿತ್ಯದ ಕಪಾಟಿನಲ್ಲಿ ಇಡಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋಗಿ. ಪ್ರವಾಸಿಗರೆಲ್ಲ ಎದುರಿನ ದೊಡ್ಡಬೆಟ್ಟ ಹತ್ತಿ ಬಾಹುಬಲಿಗೆ ಕೈ ಮುಗಿದು ಇಳಿಯುತ್ತಾರೆ, ಇತ್ತ ಬರುವವರು ವಿರಳ. ಬಂಡೆಯ ಮೇಲೆ ಕಾಲಿಟ್ಟಲ್ಲೆಲ್ಲ ಅಕ್ಷರ. ಈಗ ಕಂಬಿ ಹಾಕಿ ಗಾಜು ಮುಚ್ಚಿದ್ದಾರೆ. ಅವುಗಳಲ್ಲಿ ಹಳೆಯವು ಬಹುಪಾಲು ಸಲ್ಲೇಖನದ ಶಾಸನಗಳು, ಅಂದರೆ ಆಹಾರ ಬಿಟ್ಟು ಸಮಾಧಿಮರಣ ಹೊಂದಿದವರ ದಾಖಲೆಗಳು. ಅತಿ ಹಳೆಯದು ಸುಮಾರು ಕ್ರಿ.ಶ. 600ರದ್ದು, ಪ್ರಭಾಚಂದ್ರ ಎಂಬ ಜೈನ ಆಚಾರ್ಯ ಅಲ್ಲಿ ದೇಹ ಬಿಟ್ಟದ್ದನ್ನೂ ಆಮೇಲೆ ಏಳುನೂರು ಋಷಿಗಳು ಅದೇ ದಾರಿ ಹಿಡಿದದ್ದನ್ನೂ ಹೇಳುತ್ತದೆ.

ನಂದಿಸೇನ ಮುನಿಯ ಶಾಸನ ಹಳಗನ್ನಡ ಓದಿದವರಿಗೆ ಪಾಠದಲ್ಲಿ ಬಂದಿರಬೇಕು. ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್’ ಎಂದು ಶುರುವಾಗುತ್ತದೆ. ಕಾಮನಬಿಲ್ಲು, ಮಿಂಚು, ಮಂಜು ಇದ್ದ ಹಾಗೆ ರೂಪ, ಹಣ, ವೈಭವ ಯಾರಿಗೂ ನಿಲ್ಲುವುದಿಲ್ಲ. ನಾನು ಈ ಭೂಮಿಯಲ್ಲಿ ಇರಲಾರೆ ಎಂದು ನಿರ್ಧರಿಸಿ ಸನ್ಯಸನ, ಅಂದರೆ ಅದೇ ಸಲ್ಲೇಖನ, ಕೈಗೊಂಡ ಎನ್ನುತ್ತದೆ. ಪಂಪನಿಗೂ ಎಷ್ಟೋ ಹಿಂದಿನ ಪದ್ಯ. ಒಂದು ನಾಲ್ಕು ಸಾಲಿನಲ್ಲಿ ಮನುಷ್ಯ ಸಾವಿನ ಬಗ್ಗೆ ಮನಸ್ಸು ಮಾಡಿದ ಗಳಿಗೆ ಕಲ್ಲಿನಲ್ಲಿ ಉಳಿದಿದೆ.

ಪುಸ್ತಕವೇ ಬೇಕೆಂದರೆ ಷ. ಶೆಟ್ಟರ್. ಇಂಗ್ಲಿಷಿನಲ್ಲಿ ಎರಡು ಸಂಪುಟ ಬರೆದರು, ಆಮೇಲೆ ಕನ್ನಡದಲ್ಲಿ ‘ಸಾವಿಗೆ ಆಹ್ವಾನ’, ‘ಸಾವನ್ನು ಅರಸಿ’ ಎಂದು ಬಂದವು. ಒಂದು ಬೆಟ್ಟವನ್ನೇ ಎದುರಿಗಿಟ್ಟುಕೊಂಡು ಅಲ್ಲಿ ಸತ್ತವರೆಲ್ಲ ಯಾರು, ಹೇಗೆ, ಯಾವ ಕಾಲದಲ್ಲಿ, ಹೆಂಗಸರೆಷ್ಟು, ಗೃಹಸ್ಥರೆಷ್ಟು ಎಂದು ಲೆಕ್ಕ ಹಾಕಿದ ಇತಿಹಾಸಕಾರ ಬೇರೆ ಯಾವ ಭಾಷೆಯಲ್ಲಿ ಸಿಗುತ್ತಾನೆ?

ತುಮಕೂರು ಓದುಗ
ಇದು ನನಗೆ ಹೊಳೆದಿರಲೇ ಇಲ್ಲ. ಶಾಂತಲೆಯ ತಾಯಿಯದ್ದೂ ಅಲ್ಲೇ ಇದೆಯಲ್ಲವೇ?

ಶಾಸನಪ್ರಿಯ
ಹೌದು, ಮಾಚಿಕಬ್ಬೆ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡಳು. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ ರಾಜ್ಯ ಹೋದ ಮೇಲೆ 982ರಲ್ಲಿ ಅಲ್ಲೇ. ಮಗಳು ಸತ್ತ ತಾಯಿ, ರಾಜ್ಯ ಸತ್ತ ರಾಜ. ಇಬ್ಬರಿಗೂ ಅದೇ ಬೆಟ್ಟ.

ಗೂಡಂಗಡಿ
ಉಪವಾಸ ಮಾಡಿ ಸಾಯುವುದನ್ನು ಏನೇ ಹೆಸರಿನಿಂದ ಕರೆಯಿರಿ, ಆತ್ಮಹತ್ಯೆಯೇ. ರಾಜಸ್ಥಾನ ಹೈಕೋರ್ಟ್ 2015ರಲ್ಲಿ ಹಾಗೆಯೇ ಹೇಳಿದೆ.

ಶಾಸನಪ್ರಿಯ
ಅದೇ ವರ್ಷ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿದ್ದನ್ನೂ ಹೇಳಬೇಕಲ್ಲ. ಜೈನರ ವಾದ ಏನೆಂದರೆ, ಆವೇಶದಲ್ಲಿ ಪ್ರಾಣ ಕಳೆದುಕೊಳ್ಳುವುದು ಬೇರೆ, ಮುಪ್ಪೋ ವಾಸಿಯಾಗದ ರೋಗವೋ ಬಂದಾಗ ಗುರುವಿನ ಅನುಮತಿ ಪಡೆದು ಒಂದೊಂದೇ ಆಹಾರ ಬಿಡುವುದು ಬೇರೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು. ಆದರೆ ಓದದೆ ತೀರ್ಪು ಕೊಡಬೇಡಿ.

ಗೂಡಂಗಡಿ
ಮಗಳು ಸತ್ತ ಸಂಕಟಕ್ಕೆ, ರಾಜ್ಯ ಹೋದ ಸಂಕಟಕ್ಕೆ ಸತ್ತರು ಎಂದು ನೀವೇ ಬರೆದಿರಿ. ಮುಪ್ಪೂ ಅಲ್ಲ, ರೋಗವೂ ಅಲ್ಲ.

ಶಾಸನಪ್ರಿಯ
ಒಳ್ಳೆಯ ಪ್ರಶ್ನೆ. ಶೆಟ್ಟರ್ ಆ ಎರಡು ಸಂಪುಟ ಬರೆದದ್ದೇ ಇಂಥ ಪ್ರಶ್ನೆಗಳಿಗಾಗಿ. ಕಾಲದಿಂದ ಕಾಲಕ್ಕೆ ಕಾರಣಗಳೂ ಬದಲಾದವು, ವಿಧಿಯೂ ಬದಲಾಯಿತು.

ದಾದಿ, ಮಂಗಳೂರು
ಕಾನೂನಿನ ಮಾತು ಬಂದದ್ದರಿಂದ ಉಪಯೋಗದ ಒಂದು ವಿಷಯ. ವಾಸಿಯಾಗದ ಹಂತ ತಲುಪಿದರೆ ನನಗೆ ವೆಂಟಿಲೇಟರ್ ಬೇಡ ಎಂದು ಮೊದಲೇ ಬರೆದಿಡಲು 2018ರ ಸುಪ್ರೀಂ ಕೋರ್ಟ್ ತೀರ್ಪು ಅವಕಾಶ ಕೊಟ್ಟಿದೆ. 2023ರಲ್ಲಿ ಕ್ರಮ ಸುಲಭ ಮಾಡಿದರು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇದರ ಹಿಂದಿನ ಯೋಚನೆ ತಿಳಿಯಬೇಕಾದರೆ ಅತುಲ್ ಗವಾಂಡೆ 2014ರಲ್ಲಿ ಬರೆದ ‘ಬೀಯಿಂಗ್ ಮಾರ್ಟಲ್’ ಓದಿ. ಅವರ ತಂದೆಯೂ ಶಸ್ತ್ರವೈದ್ಯರೇ, ಬೆನ್ನುಹುರಿಯಲ್ಲಿ ಗಡ್ಡೆ ಬೆಳೆಯಿತು. ಮಗ ಬೇರೆ ರೋಗಿಗಳಿಗೆ ಹೇಳುವುದನ್ನು ಅಪ್ಪನಿಗೆ ಹೇಳಲು ತಡವರಿಸುವ ಭಾಗವೇ ಪುಸ್ತಕದ ಜೀವ.

ವೇದಿಕೆ ನಿರ್ವಾಹಕ
ಆತ್ಮಹತ್ಯೆ ಹೌದೋ ಅಲ್ಲವೋ ಎಂಬ ವಾದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪುಸ್ತಕ.

ನ್ಯೂಜೆರ್ಸಿ ನಂಜುಂಡ
ಈ ಕಡೆಯ ಕಥೆ ಬೇರೆಯೇ. ಇಲ್ಲಿ ನಮ್ಮವರೊಬ್ಬರು ತೀರಿಕೊಂಡಾಗ ಅಂತ್ಯಕ್ರಿಯೆಯ ಸಂಸ್ಥೆಯವರು ಕೊಟ್ಟ ದರಪಟ್ಟಿ ನೋಡಿ ತಲೆ ತಿರುಗಿತು. ಸುಡುವ ದೇಹಕ್ಕೆ ಮೆರುಗು ಕೊಟ್ಟ ಮರದ ಪೆಟ್ಟಿಗೆ, ಅದರೊಳಗೆ ರೇಷ್ಮೆಯ ದಿಂಬು! ಜೆಸಿಕಾ ಮಿಟ್‌ಫರ್ಡ್ 1963ರಲ್ಲೇ ಈ ವ್ಯಾಪಾರದ ಬಣ್ಣ ಬಯಲು ಮಾಡಿ ‘ದಿ ಅಮೆರಿಕನ್ ವೇ ಆಫ್ ಡೆತ್’ ಬರೆದಿದ್ದಾರೆ. ಸಾವಿನ ಪುಸ್ತಕ ಓದಿ ನಕ್ಕದ್ದು ಅದೊಂದೇ. ಶವಕ್ಕೆ ಬಣ್ಣ ಬಳಿದು ಮಲಗಿಸುವ ವಿಧಾನವನ್ನು ಆಕೆ ಮುಖದ ಒಂದು ಗೆರೆಯೂ ಅಲುಗದಂತೆ ವಿವರಿಸುತ್ತಾರೆ.

ಧಾರವಾಡ ಪೇಢೆ
ಸ್ಮಶಾನದ ದರಪಟ್ಟಿ ಅಮೆರಿಕದವರು ಕಂಡುಹಿಡಿದದ್ದಲ್ಲ, ನಂಜುಂಡ ಅವರೇ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಎತ್ತಿಕೊಂಡು ಕಾಶಿಯ ಸ್ಮಶಾನಕ್ಕೆ ಬಂದರೆ ಸುಂಕ ಕೇಳುವವನು ಸ್ವಂತ ಗಂಡ. ಅವಳ ಪ್ರಲಾಪ ಓದಿ ಅಳದವರು ಇದ್ದರೆ ಅವರ ಜತೆ ನನಗೆ ಮಾತಿಲ್ಲ. ಕಾಶಿಯ ಘಾಟುಗಳಲ್ಲಿ ಸಾವು ಹೇಗೆ ಒಂದು ದೊಡ್ಡ ವ್ಯವಹಾರ, ಯಾರಿಗೆ ಎಷ್ಟು ಪಾಲು ಎಂದು ಜೊನಾಥನ್ ಪ್ಯಾರಿ ಎಂಬ ಮಾನವಶಾಸ್ತ್ರಜ್ಞ 1994ರಲ್ಲಿ ‘ಡೆತ್ ಇನ್ ಬನಾರಸ್’ ಬರೆದಿದ್ದಾರೆ. ರಾಘವಾಂಕನ ಜತೆಗಿಟ್ಟು ಓದಬೇಕು.

ಮಂಡ್ಯದ ಮಾತುಗಾರ
ನಗುವ ಮಾತು ಬಂದರೆ ನಮ್ಮ ನೊದೆಕೊಪ್ಪಲಿನ ‘ತಿಥಿ’ ಸಿನಿಮಾ ಮರೆಯಬೇಡಿ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗನಿಗೆ ಚಿಂತೆಯೇ ಇಲ್ಲ, ಮೊಮ್ಮಗನಿಗೆ ಜಮೀನಿನ ಚಿಂತೆ, ಮರಿಮಗನಿಗೆ ಹುಡುಗಿಯ ಚಿಂತೆ. ಹದಿಮೂರನೆಯ ದಿನದ ತಿಥಿ ಊಟಕ್ಕೆ ಕುರಿ ಹೊಂದಿಸುವ ಪಾಡು ನೋಡಬೇಕು.

ಹೊಳೆಸಾಲು
ಹನ್ನೊಂದನೆಯ ದಿನ.

ಮಂಡ್ಯದ ಮಾತುಗಾರ
ಕುರಿಗೆ ಎರಡೂ ಒಂದೇ.

ಅಡಿಗೆಮನೆ ವಿಮರ್ಶಕಿ
ಯಾರೂ ಗರುಡ ಪುರಾಣ ಎನ್ನಲಿಲ್ಲವಲ್ಲ, ಹೆದರಿಕೆಯೇ? ನಮ್ಮ ಮನೆಯಲ್ಲಿ ಸೂತಕದ ದಿನಗಳಲ್ಲಿ ಮಾತ್ರ ಓದಿಸಬೇಕು, ಬೇರೆ ದಿನ ಮನೆಯಲ್ಲಿ ಇಡಲೂಬಾರದು ಎನ್ನುತ್ತಾರೆ. ಪುಸ್ತಕದ ಅಂಗಡಿಯಿಂದ ತಂದದ್ದನ್ನು ಅತ್ತೆ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದರು.

ಶಾಸನಪ್ರಿಯ
ಪಾಪ, ಆ ಪುಸ್ತಕ. ಸತ್ತ ಮೇಲಿನ ಗತಿ ಹೇಳುವ ಪ್ರೇತಕಲ್ಪ ಅದರ ಒಂದು ಭಾಗ ಅಷ್ಟೇ. ಮೊದಲ ಭಾಗದಲ್ಲಿ ರತ್ನಪರೀಕ್ಷೆ, ವೈದ್ಯ, ವ್ಯಾಕರಣ ಎಲ್ಲ ಇದೆ. ಮುತ್ತು, ವಜ್ರ ಕೊಳ್ಳುವವರು ಓದಬೇಕಾದ ಪುರಾಣ, ಅಟ್ಟಕ್ಕೆ ಹೋಗಿದೆ.

ಅಡಿಗೆಮನೆ ವಿಮರ್ಶಕಿ
ವಜ್ರದ ವಿಷಯ ಅತ್ತೆಗೆ ಹೇಳಿದರೆ ಅವರೇ ಏಣಿ ಹಾಕುತ್ತಾರೆ.

ಕಗ್ಗ ಅಭಿಮಾನಿ
ಕಠೋಪನಿಷತ್ತು. ನಚಿಕೇತ ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಊಟವಿಲ್ಲದೆ ಕಾದ. ಸಾವನ್ನು ಕುರಿತು ಸಾವನ್ನೇ ಕೇಳಿದವನು ಅವನೊಬ್ಬ.

ಹೊಳೆಸಾಲು
ಯಮನ ಎದುರು ನಿಂತವರು ಎಂದರೆ ಭೈರಪ್ಪನವರ ‘ಸಾಕ್ಷಿ’ಯೂ ಇದೆ. ಸುಳ್ಳು ಸಾಕ್ಷಿ ಹೇಳಿ ಪ್ರಾಣ ಕಳೆದುಕೊಂಡ ಪರಮೇಶ್ವರಯ್ಯನ ಪ್ರೇತದಿಂದಲೇ ಕಥೆ ಶುರು.

ತುಮಕೂರು ಓದುಗ
ಅದೂ ‘ಮೇಲೆ’ಯ ಪಟ್ಟಿಗೇ ಹೋಯಿತು!

ತಿಪಟೂರು ತೆಂಗು
ಇಷ್ಟು ಹೊತ್ತಾದರೂ ‘ಗೃಹಭಂಗ’ ಯಾರಿಗೂ ನೆನಪಾಗಲಿಲ್ಲವೇ? ಪ್ಲೇಗ್ ಬಂದು ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಳ್ಳುತ್ತದೆ. ನಂಜಮ್ಮ ಮದುವೆಯಾದ ಮಗಳನ್ನೂ ಬೆಳೆದ ಮಗನನ್ನೂ ಒಟ್ಟೊಟ್ಟಿಗೆ ಕಳೆದುಕೊಳ್ಳುತ್ತಾಳೆ. ಗಡ್ಡೆ ಎದ್ದಿತೇ ಎಂದು ಕಂಕುಳು, ತೊಡೆಸಂದು ಮುಟ್ಟಿ ನೋಡಿಕೊಳ್ಳುವ ಆ ಭಯ! ನಮ್ಮ ಅಜ್ಜಿ ಆ ಕಾಲದವರು, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಯುವ ತನಕ ಬೆಚ್ಚುತ್ತಿದ್ದರು. ಭೈರಪ್ಪ ಕಲ್ಪಿಸಿ ಬರೆದದ್ದಲ್ಲ ಅದು. ಅವರ ಆತ್ಮಕಥೆ ‘ಭಿತ್ತಿ’ ಓದಿದರೆ ಗೊತ್ತಾಗುತ್ತದೆ, ಹುಡುಗನಾಗಿದ್ದಾಗ ತಮ್ಮನ ಹೆಣವನ್ನು ಹೆಗಲ ಮೇಲೆ ಹೊತ್ತು ಹೋಗಿ ಸುಟ್ಟವರು ಅವರು.

ತುಮಕೂರು ಓದುಗ
ಸಾಯುವವರ ಹಾಸಿಗೆಯ ಪಕ್ಕ ಕೂರುವ ಕಾದಂಬರಿ ಎಂದು ಇದನ್ನು ಒಪ್ಪುತ್ತೇನೆ. ಆದರೆ ಅಲ್ಲಿಯೂ ನೋಟ ನಂಜಮ್ಮನದ್ದು.

ತಿಪಟೂರು ತೆಂಗು
ನಂಜಮ್ಮನೂ ಪ್ಲೇಗಿನಲ್ಲೇ ಸಾಯುತ್ತಾಳೆ, ಸ್ವಾಮಿ. ಇನ್ನೆಷ್ಟು ಹತ್ತಿರ ಬೇಕು ನಿಮಗೆ?

ಕುಂಬಳೆ ಕಡಲು
ಮಂಜೇಶ್ವರದ ಗೋವಿಂದ ಪೈ ಅವರನ್ನು ಮರೆತಿರಿ. ‘ಗೊಲ್ಗೊಥಾ’ದಲ್ಲಿ ಯೇಸುವಿನ ಕೊನೆಯ ದಿನ, ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನ. ಎರಡು ಖಂಡಕಾವ್ಯಕ್ಕೂ ವಸ್ತು ಸಾಯುವ ದಿನವೇ. ಕನ್ನಡದಲ್ಲಿ ಇಲ್ಲ ಎನ್ನುವ ಮೊದಲು ಕಾಸರಗೋಡಿನ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ನಮ್ಮನ್ನು ರಾಜ್ಯದಿಂದ ಬಿಟ್ಟದ್ದು ಸಾಲದೆ ಪಟ್ಟಿಯಿಂದಲೂ ಬಿಡುತ್ತೀರಿ.

ಶಾಸನಪ್ರಿಯ
ಸರಿಯಾದ ಏಟು. ರನ್ನನ ‘ಗದಾಯುದ್ಧ’ದ ದುರ್ಯೋಧನನನ್ನೂ ಸೇರಿಸಿ. ಹೆಣಗಳ ಮೇಲೆ ಕಾಲಿಡುತ್ತ, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರನ್ನೇ ಗುರುತು ಹಿಡಿದು ಮಾತನಾಡಿಸುತ್ತ ತನ್ನ ಸಾವಿನ ಕಡೆಗೆ ನಡೆಯುತ್ತಾನೆ.

ಗೂಡಂಗಡಿ
ಸಾಕು ನಾಯಿ ಸತ್ತದ್ದರ ಬಗ್ಗೆ ಏನಾದರೂ ಇದೆಯೇ? ತಮಾಷೆಗೆ ಕೇಳುತ್ತಿಲ್ಲ.

ಶಾಸನಪ್ರಿಯ
ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು, ಹತ್ತನೆಯ ಶತಮಾನದ ನಡುವಿನದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜತೆ ಹೋರಾಡಿ ಸತ್ತಿತು, ಅದರ ಯಜಮಾನ ಮಣಲೆರ ಕಲ್ಲು ನಿಲ್ಲಿಸಿದ. ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋಗಿ ನೋಡಿ ಬನ್ನಿ.

ಗೂಡಂಗಡಿ
ಈ ಭಾನುವಾರವೇ ಹೋಗುತ್ತೇನೆ.

ನ್ಯೂಜೆರ್ಸಿ ನಂಜುಂಡ
ಇನ್ನೊಂದು ಹೇಳಿ ಸುಮ್ಮನಾಗುತ್ತೇನೆ. ಜೋನ್ ಡಿಡಿಯನ್ 2005ರಲ್ಲಿ ಬರೆದ ‘ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’. ಗಂಡ ರಾತ್ರಿ ಊಟಕ್ಕೆ ಕೂತಲ್ಲೇ ಸತ್ತ. ಬಟ್ಟೆಗಳನ್ನು ಕೊಟ್ಟುಬಿಟ್ಟ ಆಕೆಗೆ ಶೂಗಳನ್ನು ಕೊಡಲು ಆಗುವುದಿಲ್ಲ, ತಿರುಗಿ ಬಂದರೆ ಅವನಿಗೆ ಬೇಕಾಗುತ್ತವೆ ಎಂದು. ಬುದ್ಧಿವಂತ ಹೆಂಗಸು, ಹುಚ್ಚಲ್ಲ. ಅದನ್ನು ಬರೆಯುವ ಧೈರ್ಯ ನೋಡಿ.

ದಾದಿ, ಮಂಗಳೂರು
ತುಳುನಾಡಿನಲ್ಲಿ ಇದು ಪುಸ್ತಕಕ್ಕೆ ಕಾಯಲಿಲ್ಲ. ಮದುವೆಯಾಗದೆ ಸತ್ತ ಮಕ್ಕಳಿಗೆ ಆಷಾಢದಲ್ಲಿ ಮದುವೆ ಮಾಡುತ್ತಾರೆ, ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನೇ ಹುಡುಕಿ. ನೆಂಟರ ಮನೆಯ ಅಂಥದ್ದೊಂದು ಮದುವೆಗೆ ಹೋಗಿದ್ದೆ. ಸೀರೆ, ಕರಿಮಣಿ ಎಲ್ಲ ಇತ್ತು. ಹುಡುಗಿಯ ಕಡೆಯವರು ಊಟದ ವ್ಯವಸ್ಥೆ ಸಾಲದು ಎಂದು ಜಗಳ ತೆಗೆದರು, ಥೇಟ್ ಬದುಕಿದ್ದವರ ಮದುವೆಯಂತೆ. ಇದನ್ನು ಯಾರಾದರೂ ಕಾದಂಬರಿ ಮಾಡಲಿ.

ತುಮಕೂರು ಓದುಗ
ಸರಿ. ನಮ್ಮ ಕೂಟಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ: ‘ಇವಾನ್ ಇಲಿಚ್’ ಎಲ್ಲರೂ ಓದುವುದು. ‘ಅಳಿದ ಮೇಲೆ’ ಹೊಳೆಸಾಲು ಅವರ ಗೌರವಾರ್ಥ. ನಂದಿಸೇನನ ಶಾಸನದ ಜೆರಾಕ್ಸ್ ಹಂಚುವುದು, ‘ಸಾವಿಗೆ ಆಹ್ವಾನ’ದಿಂದ ಒಂದು ಅಧ್ಯಾಯ ಜತೆಗೆ. ‘ವೈಶಾಖಿ’ ಗಟ್ಟಿಯಾಗಿ ಓದಲು. ಕೊನೆಗೆ ‘ತಿಥಿ’ ಸಿನಿಮಾ, ಊಟದ ವ್ಯವಸ್ಥೆ ಇರುತ್ತದೆ, ಕುರಿ ಇಲ್ಲ.

ತಿಪಟೂರು ತೆಂಗು
‘ಗೃಹಭಂಗ’ ಎಲ್ಲಿ?

ತುಮಕೂರು ಓದುಗ
ದಪ್ಪ ಪುಸ್ತಕ, ಒಂದು ತಿಂಗಳಿಗೆ ಆಗುವುದಿಲ್ಲ.

ತಿಪಟೂರು ತೆಂಗು
ತುಮಕೂರಿನ ಕೂಟವಂತೆ, ಪಕ್ಕದೂರಿನ ಪ್ಲೇಗು ಬೇಡವಂತೆ, ರಷ್ಯಾದ ನ್ಯಾಯಾಧೀಶ ಬೇಕಂತೆ. ಮುಂದಿನ ಸಭೆ ಯಾವಾಗ, ಎಲ್ಲಿ ಎಂದು ಹೇಳಿ. ಪುಸ್ತಕ ನಾನೇ ತರುತ್ತೇನೆ.